ಅಜ್ಜನ ಪೋಥಿ, ನನ್ನ ನಿಬಂಧ

ನನ್ನ ಮೊದಲ ನಿಬಂಧ ಹಾಳೆಯ ಎರಡೂ ಮಗ್ಗುಲು ತುಂಬಿತ್ತು, ಆದರೆ ವಿಷಯ ಇನ್ನೂ ಶುರುವಾಗಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ನಾನೇ ಎಷ್ಟೋ ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ. "ಹೆಂಗ ಶುರು ಮಾಡೋದ್ರಿ ಅಕ್ಕಾರ?" ಎಂದು ಪೆನ್ಸಿಲ್ಲು ಕಚ್ಚುತ್ತ ಕೂತ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಆ ಹಾಳೆ ನೆನಪಾಗಿ ನಗು ಬರುತ್ತಿತ್ತು. ಅದರ ಹಿಂದೆಯೇ ಎರಡನೆಯ ನಿಬಂಧದ ನೆನಪೂ ಬರುತ್ತಿತ್ತು. ಅದಕ್ಕೆ ಮಾತ್ರ ನಗು ಬರುತ್ತಿರಲಿಲ್ಲ. ಎರಡನ್ನೂ ಹೇಳಿಬಿಡುತ್ತೇನೆ.

ಆಗ ನಾನು ಸವಣೂರಿನಲ್ಲಿ ಆರನೆಯ ಇಯತ್ತೆ. ವರ್ಗದಲ್ಲಿ ಹುಡುಗಿಯರು ಮೂವರೇ. ನಮಗೆ ಗೋಡೆಯ ಪಕ್ಕ ಬೇರೆ ಗೋಣಿತಟ್ಟು. ಯುದ್ಧದ ಕಾಲ. ಯಾರು ಯಾರೊಡನೆ ಬಡಿದಾಡುತ್ತಿದ್ದಾರೆ ಎನ್ನುವುದು ನಮಗೆ ಗೊತ್ತಿರಲಿಲ್ಲ, ಕಾಗದ ಸಿಗುವುದಿಲ್ಲ ಎನ್ನುವುದು ಚೆನ್ನಾಗಿ ಗೊತ್ತಿತ್ತು. ಲೆಕ್ಕ, ಶುದ್ಧಬರಹ ಎಲ್ಲ ಪಾಟಿಯ ಮೇಲೆ. ನಿಬಂಧಕ್ಕೆ ಮಾತ್ರ ತಿಂಗಳಿಗೊಂದು ಹಾಳೆ ಕೊಡುತ್ತಿದ್ದರು. ಹರಿದು ಎಸೆದು ಮತ್ತೆ ಬರೆಯುವ ಸುಖ ನಮ್ಮ ಪಾಲಿಗಿರಲಿಲ್ಲ. ತಪ್ಪಿದರೆ ಮುಂದಿನ ತಿಂಗಳವರೆಗೆ ಆ ತಪ್ಪಿನ ಜೊತೆಯೇ ಬಾಳಬೇಕು.

ಮಾಸ್ತರರು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವರು. ಒಕ್ಕಲುತನದ ಮನೆ, ಆ ಮನೆಯಲ್ಲಿ ಅಕ್ಷರ ಕಲಿತ ಮೊದಲಿಗರು ಅವರೇ. ಅವರ ಬಾಯಲ್ಲಿ ಪಾಠಕ್ಕಿಂತ ಪ್ರಶ್ನೆ ಹೆಚ್ಚು. ವೀಳ್ಯದೆಲೆ ತೋಟದವರ ಹುಡುಗನನ್ನು ನಿಲ್ಲಿಸಿ, "ಎಲಿ ಕೊಯ್ಯುವಾಗ ನಿಮ್ಮಪ್ಪ ಹೆಬ್ಬಟ್ಟಿಗೆ ಕಬ್ಬಿಣದ ಉಗುರು ಯಾಕ ಹಾಕ್ಕೋತಾನ?" ಎಂದು ಕೇಳುತ್ತಿದ್ದರು. ಹುಡುಗ ಉತ್ತರ ಹೇಳಿದರೆ ಕೈಮೇಲೆ ಬಳಪದ ಚೂರಿನಿಂದ ಬರೆದುಕೊಳ್ಳುವವರಂತೆ ಮಾಡಿ, "ಇದು ನನಗ ಗೊತ್ತಿರಲಿಲ್ಲ ನೋಡು" ಎನ್ನುತ್ತಿದ್ದರು. ಮಾಸ್ತರರಿಗೆ ಗೊತ್ತಿಲ್ಲದ್ದೂ ಒಂದಿರುತ್ತದೆ ಎಂದು ನಾನು ಮೊದಲು ಕೇಳಿದ್ದು ಅವರಿಂದಲೇ. ನಮ್ಮ ಮನೆಯಲ್ಲಿ ಅಂಥ ಪದ್ಧತಿ ಇರಲಿಲ್ಲ.

ನಮ್ಮದು ಶಾಸ್ತ್ರ ಓದಿದವರ ಮನೆ. ಬೆಳಗ್ಗೆ ಅಜ್ಜ ನಾಲ್ಕಾರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಮಧ್ಯಾಹ್ನ ಪಡಸಾಲೆಯಲ್ಲಿ ಊರವರಿಗೆ ಪುರಾಣ. ಹೆಣ್ಣುಮಕ್ಕಳಿಗೆ ಪಾಠ ಇರಲಿಲ್ಲ, ಆದರೆ ಒಳಬಾಗಿಲಲ್ಲಿ ಕೂತು ಅಕ್ಕಿ ಆರಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾನು ಆರಿಸಿದ ಅಕ್ಕಿಯಲ್ಲಿ ಯಾವಾಗಲೂ ಕಲ್ಲು ಉಳಿಯುತ್ತಿತ್ತು, ಅವ್ವ ಬೈಯುತ್ತಿದ್ದಳು. ಕಿವಿ ಅಜ್ಜನ ಕಡೆಗಿದ್ದರೆ ಕೈ ಏನು ಮಾಡೀತು? ಹಾಗೆ ಕೇಳಿ ಕೇಳಿ ನನಗೆ ಒಂದು ಸಂಗತಿ ಗಟ್ಟಿಯಾಗಿತ್ತು. ಯಾವ ಗ್ರಂಥವೇ ಆಗಲಿ, ಮೊದಲು ದೇವರ ಸ್ತುತಿ, ಆಮೇಲೆ ಗುರುವಿನ ಸ್ತುತಿ. ನಂತರ ಇದರ ವಿಷಯವೇನು, ಓದಿದರೆ ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು ಎಂದು ನಾಲ್ಕು ಮಾತು ತೀರ್ಮಾನಿಸಬೇಕು. ಇಷ್ಟು ಆಗದೆ ಗ್ರಂಥಕಾರ ಮುಂದೆ ಹೆಜ್ಜೆ ಇಡಬಾರದು.

ಮಾಸ್ತರರು "ನಮ್ಮ ಮನಿ" ಎಂದು ವಿಷಯ ಕೊಟ್ಟರು. ನಾನು ಶಾಸ್ತ್ರ ಬಿಡಲಿಲ್ಲ. ಹಾಳೆಯ ಒಂದು ಮಗ್ಗುಲು ದೇವರಿಗೆ ಮತ್ತು ಗುರುಗಳಿಗೆ ಹೋಯಿತು. ಇನ್ನೊಂದು ಮಗ್ಗುಲಲ್ಲಿ ಬರೆದೆ: "ಈ ನಿಬಂಧದ ವಿಷಯವು ನಮ್ಮ ಮನೆ. ಪ್ರಯೋಜನವು ಆರನೆಯ ಇಯತ್ತೆ ಪಾಸಾಗುವುದು. ಓದಲು ಅಧಿಕಾರಿಯು ಮಾಸ್ತರರು, ಏಕೆಂದರೆ ಅವರು ಪಾಸಾಗಿದ್ದಾರೆ." ಸಂಬಂಧವನ್ನು ವಿವರಿಸುವಷ್ಟರಲ್ಲಿ ಹಾಳೆ ಮುಗಿಯಿತು. ಮನೆಯ ಬಾಗಿಲು ಕೂಡ ಬಂದಿರಲಿಲ್ಲ.

ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ಮಾಸ್ತರರು ನಗಲಿಲ್ಲ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು:

"ದೇವರು ಅದಾನ, ಗುರು ಅದಾರ, ನಾನೂ ಅದೇನಿ. ನೀ ಎಲ್ಲಿ ಅದೀ ಇದರಾಗ?"

ನನಗೆ ಸಿಟ್ಟು ಬಂತು. ನಾನು ಎಂದು ಬರೆಯಬಾರದು, ಅದು ಅಹಂಕಾರ ಎಂದು ಅಜ್ಜ ವಿದ್ಯಾರ್ಥಿಗಳಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೆ. ಹಾಗೆಂದು ಹೇಳಿದೆ. ಮಾಸ್ತರರು ಹಾಳೆಯನ್ನು ನನ್ನ ಕೈಗಿತ್ತರು.

"ಗ್ರಂಥಕ್ಕ ಅದು ಖರೇ ಇರಬೇಕವಾ. ಆದ್ರ ನೀ ಗ್ರಂಥ ಬರಿಯಾಕತ್ತಿಲ್ಲ. ನಿಮ್ಮ ಮನಿ ನಾ ನೋಡಿಲ್ಲ. ನಿನ್ನ ಕಣ್ಣೀಲೆ ನೋಡಬೇಕು ನಾ. ಆ ಕಣ್ಣ ನೀ ಮುಚ್ಚಿದ್ರ ಹೆಂಗ?"

ಮುಂದಿನ ತಿಂಗಳು ಅದೇ ವಿಷಯ ಮತ್ತೆ ಕೊಟ್ಟರು. ಈ ಸಲ ಹಾಳೆ ಕೊಡುವ ಮೊದಲು ಒಂದು ಆಟ ಆಡಿಸಿದರು. ಮನೆಯಲ್ಲಿ, ಊರಲ್ಲಿ ಈ ವಾರ ಕಂಡದ್ದು ಹತ್ತು ಸಾಲು ಪಾಟಿಯ ಮೇಲೆ ಬರೆಯಿರಿ ಎಂದರು. ಬರೆದೆವು. ಆಮೇಲೆ ಪಕ್ಕದವರ ಪಾಟಿ ನೋಡಿ, ಅವರ ಪಾಟಿಯಲ್ಲೂ ಇದ್ದದ್ದನ್ನು ನಿಮ್ಮ ಪಾಟಿಯಿಂದ ಒರೆಸಿರಿ ಎಂದರು. ಬೆಳಗಾಯಿತು ಎನ್ನುವ ಸಾಲು ಮೊದಲು ಹೋಯಿತು. ರೊಟ್ಟಿ ಹೋಯಿತು, ಆಕಳು ಹೋಯಿತು. ಊರಿನ ದೊಡ್ಡಹುಣಸೆ ಮರಗಳು ಎಲ್ಲರ ಪಾಟಿಯಲ್ಲೂ ಇದ್ದವು. ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಆ ಮರಗಳನ್ನು ಅಂಗೈಯಿಂದ ಒರೆಸಿ ಹಾಕಿದೆವು. ಕೆಲವರ ಪಾಟಿ ಪೂರಾ ಖಾಲಿಯಾಗಿ ಅಳುಮುಖ ಮಾಡಿದರು. ಅಂಥವರಿಗೆ ಮಾಸ್ತರರು, "ನಾಳೆ ಚೊಲೋತ್ನ್ಯಾಗಿ ನೋಡಿಕೊಂಡ ಬರ್ರಿ" ಎಂದು ಮಾತ್ರ ಹೇಳಿದರು.

ನನ್ನ ಪಾಟಿಯಲ್ಲಿ ಒಂದು ಸಾಲು ಉಳಿದಿತ್ತು. "ಅಜ್ಜ ಹಾಳೆ ನೋಡದೆ ಪುರಾಣ ಹೇಳಿದರು." ಉಳಿದ ಒಂಬತ್ತನ್ನು ಒರೆಸುವ ಗಡಿಬಿಡಿಯಲ್ಲಿ ಅದನ್ನು ನಾನೇ ಬರೆದದ್ದು ಮರೆತುಬಿಟ್ಟಿದ್ದೆ. ಕಪ್ಪು ಪಾಟಿಯ ಮೇಲೆ ಈಗ ಅದೊಂದೇ ಕಾಣುತ್ತಿತ್ತು. ಪಾಟಿಯನ್ನು ಪರಕಾರದ ನಿರಿಗೆಯೊಳಗೆ ಬಚ್ಚಿಟ್ಟೆ. ಅಷ್ಟರಲ್ಲಿ ಮಾಸ್ತರರು ನೋಡಿಯಾಗಿತ್ತು. ಎಲ್ಲರ ಮುಂದೆ ಏನೂ ಕೇಳಲಿಲ್ಲ.

ಆ ಸಾಲಿನ ಹಿಂದಿನ ಕತೆ ಇದು.

ಅಜ್ಜನ ಕಣ್ಣಿನ ಮೇಲೆ ನನಗೆ ಅನುಮಾನ ಬಂದದ್ದು ತುಳಸಿಕಟ್ಟೆಯ ಹತ್ತಿರ. ತಂಬಿಗೆಯ ನೀರು ಗಿಡಕ್ಕೆ ಬೀಳದೆ ಪಕ್ಕದ ಕಲ್ಲಿಗೆ ಬೀಳುತ್ತಿತ್ತು. ಹಾನಗಲ್ಲಿನಿಂದ ಬಂದ ಕಾರ್ಡನ್ನು ನನ್ನ ಕೈಗಿತ್ತು, "ನೀ ಓದು ಕೂಸ, ರೂಢಿ ಆಗಲಿ" ಎಂದರು. ನನ್ನ ಓದಿನ ಮೇಲೆ ಅಜ್ಜನಿಗೆ ಇದ್ದಕ್ಕಿದ್ದ ಹಾಗೆ ಅಷ್ಟು ಕಾಳಜಿ ಯಾಕೆ ಬಂತು? ಕುತೂಹಲ ಹುಟ್ಟಿದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಪುರಾಣಕ್ಕೆ ಮುಂಚೆ ಮರದ ಪೀಠ ಹಾಕಿ, ಬಟ್ಟೆಯಲ್ಲಿ ಕಟ್ಟಿದ ಪೋಥಿಯನ್ನು ಬಿಚ್ಚಿಡುವುದು ನನ್ನ ಕೆಲಸವಾಗಿತ್ತು. ಪೋಥಿ ಎಂದರೆ ಹೊಲಿಗೆ ಇಲ್ಲದ ಬಿಡಿ ಹಾಳೆಗಳ ಕಟ್ಟು. ಒಂದು ಮಧ್ಯಾಹ್ನ ಅಂದಿನ ಹಾಳೆಯನ್ನು ಕೆಳಗೆ ತಳ್ಳಿ, ಎಷ್ಟೋ ಮುಂದಿನ ಒಂದು ಹಾಳೆಯನ್ನು ತೆಗೆದು ಮೇಲಿಟ್ಟೆ.

ಅಜ್ಜ ಬಂದು ಕೂತರು. ಹೆಬ್ಬೆರಳಿನಿಂದ ಹಾಳೆಯ ಅಂಚು ಸವರಿದರು. ಒಂದು ಗಳಿಗೆ ತಡೆದರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಹಾಳೆಯ ಮೇಲೆ ತಲೆ ಬಾಗಿಸಿ ಶುರು ಮಾಡಿದರು. ಹಾಳೆಯ ಮೇಲೆ ಇದ್ದದ್ದು ಒಂದು, ಅಜ್ಜನ ಬಾಯಲ್ಲಿ ಬಂದದ್ದು ಇನ್ನೊಂದು. ಬಾಯಲ್ಲಿ ಬಂದದ್ದೇ ಸರಿಯಾದದ್ದು; ನಿನ್ನೆ ನಿಲ್ಲಿಸಿದ ಕಡೆಯಿಂದ ಒಂದಕ್ಷರ ತಪ್ಪದೆ ಹೊರಟಿತ್ತು. ಎದುರಿಗೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ನನಗೆ ಮೊದಲು ಬಂದದ್ದು ಖುಷಿ. ಹಿಡಿದೆ ಕಳ್ಳನನ್ನು ಎನ್ನುವ ಖುಷಿ. ಅದು ಹೊಟ್ಟೆಗಿಳಿಯುವಷ್ಟರಲ್ಲಿ ಭಯವಾಯಿತು.

ಭಯಕ್ಕೆ ಕಾರಣವಿತ್ತು. ಶಿಗ್ಗಾಂವಿ ಕಡೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಮೇಲೆ ನೋಡುತ್ತ ಶ್ಲೋಕ ಹೇಳಿದಾಗ ಅಜ್ಜ ಗದರಿಸಿದ್ದರು: "ಹಾಳಿ ಮ್ಯಾಲೆ ಕಣ್ಣಿಡು. ಹಾಳಿ ಬಿಟ್ಟು ಹೇಳಿದ್ರ ಅದು ಪುರಾಣ ಅಲ್ಲ, ಹರಟಿ." ಊರಿಗೆಲ್ಲ ಅಜ್ಜ ಹಾಕಿಕೊಟ್ಟ ಕಟ್ಟಳೆ ಅದು. ಈಗ ಅವರೇ ಅದನ್ನು ದಿನವೂ ಮುರಿಯುತ್ತಿದ್ದರು, ಯಾರಿಗೂ ತಿಳಿಯದಂತೆ. ಪ್ರತಿ ಶ್ರಾವಣದಲ್ಲಿ ಹಾನಗಲ್ಲಿನವರು ಚಕ್ಕಡಿ ಕಳಿಸಿ ಅಜ್ಜನನ್ನು ಒಂದು ತಿಂಗಳ ಪುರಾಣಕ್ಕೆ ಕರೆಸಿಕೊಳ್ಳುತ್ತಿದ್ದರು. ವರ್ಷದ ಹನ್ನೊಂದು ತಿಂಗಳು ಅಜ್ಜ ಆ ಒಂದು ತಿಂಗಳ ಮಾತು ಆಡುತ್ತಿದ್ದರು. ಕಣ್ಣಿನ ಸುದ್ದಿ ಹೊರಬಿದ್ದರೆ ಆ ಚಕ್ಕಡಿ ಬೇರೆ ಯಾರದೋ ಬಾಗಿಲಿಗೆ ಹೋಗುತ್ತದೆ ಎನ್ನುವುದು ನನಗೂ ತಿಳಿಯುತ್ತಿತ್ತು.

ಶಾಲೆ ಬಿಟ್ಟ ಮೇಲೆ ಮಾಸ್ತರರು ನನ್ನನ್ನು ಕರೆದರು.

"ಆ ಒಂದು ಸಾಲು ಬರಿಯಾಕ ಮನಸ್ಸ ಐತೇನವಾ?"

"ಇಲ್ರಿ."

"ಹಂಗಾದ್ರ ಬ್ಯಾಡ. ಬ್ಯಾರೆ ಏನರ ಬರಿ."

ಹೀಗೆ ಬಿಟ್ಟುಕೊಟ್ಟರೆ ಹಟಮಾರಿಗೆ ಏನಾಗುತ್ತದೆ? ಅರ್ಧ ದಾರಿ ಹೋದವಳು ಹಿಂದಕ್ಕೆ ಬಂದು, "ಬರದ್ರ ಹೆಂಗ ಶುರು ಮಾಡಬೇಕ್ರಿ?" ಎಂದು ಕೇಳಿದೆ. ಅವರು ಛತ್ರಿ ಊರಿಕೊಂಡು ನಿಂತರು. ಮೊದಲು ಬಾಯಿಂದ ಹೇಳಿ ನೋಡು, ಆಕಳಿಗೆ ಹೇಳಿದರೂ ಆದೀತು ಎಂದರು. ಹೇಳುವಾಗ ಎಲ್ಲಿ ನಾಲಿಗೆ ತೊಡರುತ್ತದೋ ಆ ಜಾಗ ಗುರುತಿಟ್ಟುಕೋ, ಅಲ್ಲೇ ಏನೋ ಇರುತ್ತದೆ ಎಂದರು. ಇನ್ನೂ ಒಂದು ಮಾತು ಹೇಳಿದರು: "ಒಂದ ಹಾಳ್ಯಾಗ ಊರು ಹಿಡಸಂಗಿಲ್ಲ. ಒಂದ ಬಾಗಲಾ ಹಿಡಸ್ತೈತಿ. ಯಾವ ಬಾಗಲಾ ಅಂತ ಮೊದಲ ಗಟ್ಟಿ ಮಾಡ್ಕೋ."

ಆಕಳಿಗೆ ಹೇಳಿದೆ. ಅದು ಕೇಳಿತು, ಅಥವಾ ಕೇಳಿದ ಹಾಗೆ ಮಾಡಿತು. ಅಜ್ಜನ ಪೀಠ, ಪೋಥಿಯ ಬಟ್ಟೆ, ಸವೆದು ಮೆತ್ತಗಾದ ಹಾಳೆ, ಅಜ್ಜನ ದನಿ ಎಲ್ಲ ಸರಾಗವಾಗಿ ಬಂತು. ಹಾಳೆ ಬದಲಾದ ಜಾಗಕ್ಕೆ ಬಂದಾಗ ನಾಲಿಗೆ ತೊಡರಿತು. ಯಾರು ಬದಲಿಸಿದರು? ಆಕಳಿಗೂ ನಾನು ಹೇಳಲಿಲ್ಲ.

ಪಾಟಿಯ ಮೇಲೆ ನಾಲ್ಕು ಸಲ ಆರಂಭ ಬರೆದು ಒರೆಸಿದೆ. ಒಮ್ಮೆ ಸವಣೂರಿನಿಂದ ಶುರು ಮಾಡಿದೆ. ಊರು ಮನೆಗೆ ಬರುವಷ್ಟರಲ್ಲಿ ಪಾಟಿ ತುಂಬಿತು. ಒಮ್ಮೆ ಅಜ್ಜನ ಅಜ್ಜನಿಂದ ಶುರು ಮಾಡಿದೆ. ಅವರು ಯಾರೂ ಸಾಯಲೊಲ್ಲರು. ಕೊನೆಗೆ ನಮ್ಮ ಪಡಸಾಲೆಯಿಂದ ಶುರು ಮಾಡಿದೆ, ಮಧ್ಯಾಹ್ನದ ಬಿಸಿಲು ಕಂಬದ ಬುಡಕ್ಕೆ ಬಂದಾಗ ಜನ ಬರುತ್ತಾರೆ ಎಂದು. ಆ ಬಾಗಿಲು ನನಗೆ ಸರಿಹೋಯಿತು. ಹಾಳೆಯ ಮೇಲೆ ಶಾಯಿಯಲ್ಲಿ ಬರೆಯುವಾಗ ಕೈ ಓಡಿತು. ನಡುವೆ ಎಲ್ಲೋ, ಬೇರೆ ಸಂಗತಿಗಳ ಗುಂಪಿನಲ್ಲಿ ನುಸುಳಿಸಿದಂತೆ ಬರೆದೆ: "ಒಂದು ದಿನ ಗಾಳಿಗೆ ಹಾಳೆಗಳು ಅದಲುಬದಲಾದವು. ಆದರೂ ಅಜ್ಜನವರು ತಪ್ಪಲಿಲ್ಲ. ಅವರ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದಿದೆ. ಅವರಿಗೆ ಹಾಳೆ ಕಾಣುವುದಿಲ್ಲ. ಎಲ್ಲವೂ ಅವರ ಒಳಗೆ ಇದೆ." ಗಾಳಿಯ ಮಾತು ಸುಳ್ಳು ಎನ್ನುವುದು ಬರೆಯುವಾಗಲೇ ಗೊತ್ತಿತ್ತು. ಗಾಳಿಗೆ ಬಾಯಿಲ್ಲ, ಅದು ಇಲ್ಲವೆನ್ನುವುದಿಲ್ಲ ಎಂದು ಧೈರ್ಯ ಮಾಡಿದೆ.

ಮಾಸ್ತರರು ಅದನ್ನು ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಎರಡು ಸಲ ಓದಿದರು. ಶಾಲೆಯ ಗ್ಯಾದರಿಂಗು ಹತ್ತಿರ ಬಂದಿತ್ತು. ವರ್ಷಕ್ಕೊಮ್ಮೆ ಊರವರನ್ನೆಲ್ಲ ಕರೆದು ಹಾಡು, ಸಂವಾದ ಮಾಡಿಸುತ್ತಿದ್ದರು, ಒಂದು ಒಳ್ಳೆಯ ನಿಬಂಧವನ್ನು ಬರೆದವರಿಂದಲೇ ಓದಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಅಜ್ಜ ಕೂಡುವುದು ವಾಡಿಕೆ.

"ಓದೂದಾದ್ರ ಇದನ್ನ ಓದಬೇಕು" ಎಂದರು. "ಆದ್ರ ಯಾರ ಬಗ್ಗೆ ಬರದೀಯೋ ಅವರ ಕಿವಿಗೆ ಮೊದಲ ಬೀಳಲಿ. ಅವರು ಬ್ಯಾಡ ಅಂದ್ರ ಈ ಹಾಳಿ ನನ್ನ ಪೆಟಗ್ಯಾಗ ಇರತೈತಿ, ಯಾರಿಗೂ ತೋರಸಂಗಿಲ್ಲ."

ಮೂರು ದಿನ ಹಾಳೆಯನ್ನು ಪುಸ್ತಕದಲ್ಲಿಟ್ಟುಕೊಂಡು ಓಡಾಡಿದೆ. ಮೂರನೆಯ ದಿನ ಪುರಾಣ ಮುಗಿದು ಜನ ಹೋದ ಮೇಲೆ ಅಜ್ಜನ ಮುಂದೆ ಕೂತೆ. ಮಾಸ್ತರರು ನಿಮಗೆ ಓದಿ ತೋರಿಸಲು ಹೇಳಿದ್ದಾರೆ ಎಂದೆ. ಅಜ್ಜನಿಗೆ ಸಂತೋಷವಾಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಓದಿದೆ. ಬಿಸಿಲು, ಕಂಬ, ಪೀಠ. ಅಜ್ಜ ತಲೆದೂಗಿದರು. ಆ ಸಾಲುಗಳು ಹತ್ತಿರ ಬಂದವು. ಗಾಳಿಯಿಂದ ಹಿಡಿದು ಮೋತಿಬಿಂದುವಿನವರೆಗೆ ಅಷ್ಟನ್ನೂ ಹಾರಿಸಿ, "ಎಲ್ಲವೂ ಅವರ ಒಳಗೆ ಇದೆ" ಎನ್ನುವಲ್ಲಿಗೆ ನೆಗೆದು ಮುಂದೆ ಹೊರಟೆ.

"ನಿಲ್ಲು" ಎಂದರು ಅಜ್ಜ. "ಹಿಂದಿನ ಮಾತಿಗೂ ಈ ಮಾತಿಗೂ ಕೂಡಂಗಿಲ್ಲ. ನಡುವ ಏನೋ ಬಿಟ್ಟಿ. ಓದು."

ನಲವತ್ತು ವರ್ಷ ಪಾಠ ಹೇಳಿದವರ ಕಿವಿ. ಅದರಿಂದ ಯಾವ ವಿದ್ಯಾರ್ಥಿ ತಪ್ಪಿಸಿಕೊಂಡಿದ್ದ, ನಾನು ತಪ್ಪಿಸಿಕೊಳ್ಳಲು? ಓದಿದೆ. ಅಜ್ಜನ ಮುಖದ ಮೇಲೆ ಏನೂ ಕಾಣಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿ ಪಾತ್ರೆ ಎತ್ತಿಡುವ ಸಪ್ಪಳ ನಿಂತಿತು. ಅವಳಿಗೂ ಕೇಳಿತ್ತು.

ಅಜ್ಜ ಕೇಳಿದರು: "ಆ ದಿವಸ ಗಾಳಿ ಎಲ್ಲಿತ್ತು?"

ನಾನು ಹಾಳೆಯನ್ನು ತೊಡೆಯ ಮೇಲೆ ಕವುಚಿ ಇಟ್ಟೆ.

"ಎಲಿ ಅಲುಗಾಡಿದ್ದಿಲ್ಲ ಅವತ್ತ. ಅವತ್ತ ಓದಬೇಕಾದ ಹಾಳಿ ಮೂಲಿ ಹರದದ್ದು. ನನ್ನ ಹೆಬ್ಬಟ್ಟಿಗೆ ಇಡೀ ಹಾಳಿ ಹತ್ತಿತು. ಆಗನ ಗೊತ್ತಾತು ನನಗ, ಇದು ಯಾರ ಕೈ ಅಂತ."

"ಮತ್ತ ಯಾಕ ಕೇಳಲಿಲ್ಲ ಅಜ್ಜಾ?"

"ನೀನ ಬಂದು ಹೇಳತೀ ಅಂತ ದಾರಿ ನೋಡಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ಅಳುತ್ತಲೇ, ಇದನ್ನು ಓದುವುದಿಲ್ಲ, ಹರಿದು ಒಲೆಗೆ ಹಾಕುತ್ತೇನೆ ಎಂದೆ. ಅಜ್ಜ ಕೈ ಚಾಚಿದರು. ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದರ ನಾಲ್ಕೂ ಅಂಚು ಸವರಿ ನೋಡಿ ತಿರುಗಿ ನನ್ನ ತೊಡೆಯ ಮೇಲಿಟ್ಟರು.

"ನನ್ನ ಕಣ್ಣಿನ ಸುದ್ದಿ ಬರದಿ. ನಿನ್ನ ಕೈಯ ಸುದ್ದಿ ಗಾಳಿ ಮ್ಯಾಲೆ ಹಾಕಿದಿ. ಹಿಂಗ ಓದಿದ್ರ ನಾ ಒಬ್ಬನ ಸಿಕ್ಕಂಗಾತು. ನಿನ್ನದೂ ಬರಿ. ಇಬ್ಬರೂ ಇರೋಣು ಅದರಾಗ. ಆಮ್ಯಾಲೆ ಓದು, ನಾ ಮುಂದ ಕೂತಿರತೇನಿ."

ಒಳಗಿನಿಂದ ಅಜ್ಜಿ, "ಹಾನಗಲ್ಲಿನವರು ಕೇಳಿದ್ರ?" ಎಂದಳು. ಅಜ್ಜ ಪೋಥಿಯನ್ನು ಬಟ್ಟೆಯಲ್ಲಿ ಕಟ್ಟತೊಡಗಿದರು.

ಹೊಸ ಹಾಳೆ ಸಿಗುವಂತಿರಲಿಲ್ಲ. ನಿಬಂಧದ ನೆತ್ತಿಯ ಮೇಲೆ ಎರಡು ಬೆರಳು ಜಾಗ ಉಳಿದಿತ್ತು, "ಶ್ರೀ" ಬರೆಯಲು ಬಿಟ್ಟದ್ದು. ಗಾಳಿಯ ಸಾಲನ್ನು ಹೊಡೆದು ಹಾಕಿ, ಆ ಜಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದೆ: "ಅಜ್ಜನಿಗೆ ಕಣ್ಣು ಕಾಣುತ್ತದೆಯೋ ಇಲ್ಲವೋ ನೋಡಬೇಕೆಂದು ನಾನು ಒಂದು ದಿನ ಪೋಥಿಯ ಹಾಳೆ ಬದಲಿಸಿ ಇಟ್ಟೆ." ಬರೆದ ಮೇಲೆ ಓದಿ ನೋಡಿದರೆ ಉಳಿದದ್ದೆಲ್ಲ ತಾನಾಗಿ ಅದರ ಹಿಂದೆ ಬರುತ್ತಿತ್ತು. ನಾಲ್ಕು ಸಲ ಹುಡುಕಿ ಸಿಗದ ಆರಂಭ ಅದೇ ಆಗಿತ್ತು.

ಗ್ಯಾದರಿಂಗಿನ ದಿನ ಮೊದಲ ವಾಕ್ಯ ಓದುತ್ತಲೇ ಜನರೆಲ್ಲ ಅಜ್ಜನ ಕಡೆ ತಿರುಗಿದರು. ಅಜ್ಜ ನೆಟ್ಟಗೆ ಕೂತಿದ್ದರು. ಓದಿ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ. ಮಾಸ್ತರರು ಎದ್ದು ಹೋಗಿ ಅಜ್ಜನ ಕೈ ಹಿಡಿದು ಶಾಲೆಯ ಮೆಟ್ಟಿಲು ಇಳಿಸಿದರು. ಅಜ್ಜ ಬೇಡವೆನ್ನಲಿಲ್ಲ. ಎಲ್ಲರೂ ನೋಡುವಾಗ ಅವರು ಇನ್ನೊಬ್ಬರ ಕೈ ಹಿಡಿದದ್ದು ಅದೇ ಮೊದಲು.

ಆ ಶ್ರಾವಣದಲ್ಲಿ ಹಾನಗಲ್ಲಿನ ಚಕ್ಕಡಿ ಬರಲಿಲ್ಲ. ಅಜ್ಜ ಮೂರು ದಿನ ಬೆಳಗ್ಗೆ ಸ್ನಾನ ಮುಗಿಸಿ, ಮಡಿಚಿಟ್ಟ ಶಾಲು ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಅಜ್ಜಿ ನನ್ನೊಡನೆ ಮಾತು ಬಿಟ್ಟಳು. "ಉಂಡ ಮನಿ ಜಂತಿ ಎಣಿಸಿದಿ" ಎಂದು ಅವಳು ಅವ್ವನ ಮುಂದೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅವಳು ಹೇಳಿದ್ದು ತಪ್ಪು ಎಂದು ಇಂದಿಗೂ ನನಗೆ ಪೂರಾ ಅನ್ನಿಸಿಲ್ಲ. ನಿಬಂಧ ನಿಜವಾಗಿತ್ತು, ಅದಕ್ಕೆ ಬೆಲೆ ಕೊಟ್ಟವರು ಅಜ್ಜ.

ನಾಲ್ಕನೆಯ ದಿನ ಶಾಲು ಪೆಟ್ಟಿಗೆಗೆ ಹೋಯಿತು. ಮಧ್ಯಾಹ್ನ ಪಡಸಾಲೆಗೆ ಐದಾರು ಜನ ಬಂದಿದ್ದರು, ಮೊದಲಿನ ಅರ್ಧವೂ ಇಲ್ಲ. ನಾನು ಪೀಠ ಹಾಕಿ, ಪೋಥಿ ಬಿಚ್ಚಿಟ್ಟು ಎಂದಿನಂತೆ ಒಳಗೆ ಹೊರಟೆ.

"ಎಲ್ಲಿ ಹೊಂಟಿ?" ಎಂದರು ಅಜ್ಜ. "ಹಾಳಿ ನೋಡಿ ಹೇಳಬೇಕು ಅಂತ ನಾನ ಹೇಳೇನಿ. ನನಗಂತೂ ಕಾಣಂಗಿಲ್ಲ. ನೀ ಓದು, ನಾ ಅರ್ಥ ಹೇಳತೇನಿ."

ಕೂತವರಲ್ಲಿ ಒಬ್ಬರು ಹೆಣ್ಣು ಹುಡುಗಿ ಎಂದು ಗೊಣಗಿ ಎದ್ದು ಹೋದರು. ಉಳಿದವರು ಕೂತರು. ಅಜ್ಜ ಸ್ವಲ್ಪ ಸರಿದು ಪೀಠದ ಮುಂದೆ ನನಗೆ ಜಾಗ ಮಾಡಿದರು. ನಾನು ಕೂತು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಒಂದಕ್ಷರವನ್ನೂ ಬಿಡಲಿಲ್ಲ.